ಸ್ತನದ ಗಂಟೂ ಶ್ರವಣಾತೀತ ಧ್ವನಿಯೂ

ಸ್ನಾನ ಮಾಡುವಾಗ ಹದಿನೈದು ವರ್ಷದ ಹುಡುಗಿಯೊಬ್ಬಳ ಕೈಗೆ ಸ್ತನದಲ್ಲಿ ಗೋಲಿಗಾತ್ರದ ಗಂಟೊಂದು ತಗಲುತ್ತದೆ ಎನ್ನೋಣ. ಕ್ಯಾನ್ಸರಿರಬಹುದೆಂಬ ಭಯ ಒಂದು ಕಡೆ, ಹೇಳಿಕೊಳ್ಳಲಾರದ ಸಂಕೋಚ ಇನ್ನೊಂದು ಕಡೆ. ತಾಯಿಗೂ ತಿಳಿಸದೆ ಅವಳು ತಿಂಗಳುಗಟ್ಟಲೆ ಕೊರಗುವುದುಂಟು. ಈ ಭಯಕ್ಕೆ ಆಧಾರ ಬಹಳ ಕಡಮೆ. ಈ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರು ಅತ್ಯಂತ ವಿರಳ. ಇಂಥ ಗಂಟು ಹೆಚ್ಚಾಗಿ ಫೈಬ್ರೊಅಡಿನೋಮ ಎಂಬ ನಿರಪಾಯದ ಗಡ್ಡೆ. ರಬ್ಬರಿನಂತೆ ಬಿಗಿಯಾಗಿದ್ದು, ಒತ್ತಿದರೆ ಬೆರಳಿನಡಿಯಿಂದ ಜಾರುತ್ತದೆ. ಕೆಲವೊಮ್ಮೆ ಅದು ದ್ರವ ತುಂಬಿದ ಚೀಲ, ಅಷ್ಟೆ.

ಘನವೋ ದ್ರವವೋ ಎಂಬುದನ್ನು ಬೆರಳು ಖಚಿತವಾಗಿ ಹೇಳಲಾರದು. ಕ್ಷ-ಕಿರಣವೂ ಇಲ್ಲಿ ಅಷ್ಟಾಗಿ ನೆರವಾಗದು. ಎಳೆಯ ಸ್ತನದಲ್ಲಿ ಗ್ರಂಥಿಗಳು ದಟ್ಟವಾಗಿರುತ್ತವೆ; ಅವೂ ಗಂಟೂ ಕಿರಣಗಳನ್ನು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹೀರುವುದರಿಂದ ಚಿತ್ರದಲ್ಲಿ ಎರಡೂ ಬೆಳ್ಳಗೆ ಬೆರೆತುಹೋಗುತ್ತವೆ. ಬೆಳೆಯುತ್ತಿರುವ ಅಂಗಕ್ಕೆ ವಿಕಿರಣವನ್ನು ಸೋಕಿಸದಿರುವುದೂ ಲೇಸು. ಆದ್ದರಿಂದ ವೈದ್ಯರು ಧ್ವನಿಯ ಮೊರೆಹೊಗುತ್ತಾರೆ.

ಆಳವಾದ ಬಾವಿಯೊಳಗೆ ಕೂಗಿ, ಪ್ರತಿಧ್ವನಿಯ ವಿಳಂಬದಿಂದ ಆಳವನ್ನು ಕಂಡುಹಿಡಿಯುವ ಲೆಕ್ಕವನ್ನು ನಾವು ತರಗತಿಯಲ್ಲಿ ಮಾಡಿಸುತ್ತೇವೆ. ಇಲ್ಲಿಯೂ ಅದೇ ಲೆಕ್ಕ. ಸೆಕೆಂಡಿಗೆ ಸುಮಾರು ಒಂದು ಕೋಟಿ ಬಾರಿ ಕಂಪಿಸುವ, ಕಿವಿಗೆ ಕೇಳಿಸದ ಧ್ವನಿಯನ್ನು ಚರ್ಮದ ಮೂಲಕ ಕಳುಹಿಸುತ್ತಾರೆ. ಮೃದುವಾದ ಅಂಗಾಂಶದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು; 2 ಸೆಂಟಿಮೀಟರು ಆಳದಿಂದ ಪ್ರತಿಧ್ವನಿ ಹಿಂದಿರುಗಲು ಸುಮಾರು 26 ಮೈಕ್ರೊಸೆಕೆಂಡು ಸಾಕು. ತಿಳಿಯಾದ ದ್ರವದೊಳಗೆ ಅಲೆಯನ್ನು ಹಿಂದಿರುಗಿಸುವ ಮೇಲ್ಮೈಗಳಿಲ್ಲ. ಆದುದರಿಂದ ಚೀಲವು ಪರದೆಯ ಮೇಲೆ ಕಪ್ಪಾಗಿ ಕಾಣುತ್ತದೆ. ದ್ರವವು ಧ್ವನಿಯನ್ನು ಅಷ್ಟಾಗಿ ಹೀರದ ಕಾರಣ ಚೀಲದ ಹಿಂಭಾಗ ಮಾತ್ರ ಹೆಚ್ಚು ಬೆಳಗುತ್ತದೆ. ಭೌತವಿಜ್ಞಾನಿಗಳಾದ ನಮಗೆ ಬಹಳ ಹಿಡಿಸಿದ ಸುಳಿವು ಇದೇ. ಫೈಬ್ರೊಅಡಿನೋಮದ ಒಳಗಿನಿಂದಲಾದರೋ ಕ್ಷೀಣ ಪ್ರತಿಧ್ವನಿಗಳು ಬರುತ್ತವೆ. ಅಂಚು ನುಣುಪು, ಆಕಾರ ಮೊಟ್ಟೆಯಂತೆ. ಸ್ತನದ ಗಂಟುಗಳನ್ನು ಹೀಗೆ ಚಿತ್ರಿಸಿದ ವಿವರಗಳನ್ನು ಅಮೆರಿಕದ ಜಾನ್ ವೈಲ್ಡ್ ಮತ್ತು ಜಾನ್ ರೀಡ್ 1954ರಲ್ಲಿಯೇ ಪ್ರಕಟಿಸಿದ್ದರು.

ಫೈಬ್ರೊಅಡಿನೋಮವೆಂದು ಕಂಡಮೇಲೆ ಚಿಕಿತ್ಸೆಯೇನು? ಬಹುಮಟ್ಟಿಗೆ ಕಾಯುವುದೇ. ಕೆಲವು ತಿಂಗಳ ಬಳಿಕ ಮತ್ತೆ ಅಳೆದು ನೋಡುತ್ತಾರೆ. ಹಲವು ಗಂಟುಗಳು ಇದ್ದಂತೆಯೇ ಇರುತ್ತವೆ, ಕೆಲವು ಕುಗ್ಗಿ ಮಾಯವಾಗುತ್ತವೆ. ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಾದರೆ, ಬೇಗಬೇಗನೆ ಬೆಳೆದರೆ ಅಥವಾ ಚಿತ್ರದಲ್ಲಿ ಸಂಶಯ ಉಳಿದರೆ, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದೋ ಶಸ್ತ್ರಚಿಕಿತ್ಸೆಯೋ ಬೇಕಾದೀತು. ಚರ್ಮ ಕೆಂಪೇರಿ, ನೋವು ಜ್ವರಗಳು ಬಂದರೆ ಕೀವು ತುಂಬಿರಬಹುದು; ಆಗ ತಡಮಾಡಬಾರದು.

ಕತ್ತಿಗೆ ಆತುರಪಡಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಹತ್ತು ವರ್ಷದ ಆಸುಪಾಸಿನಲ್ಲಿ ಮೊಲೆತೊಟ್ಟಿನ ಹಿಂದೆ, ಅನೇಕ ವೇಳೆ ಮೊದಲು ಒಂದೇ ಕಡೆ, ಗುಂಡಿಯಂಥ ಗಂಟು ಮೂಡುತ್ತದೆ. ಅದು ರೋಗವಲ್ಲ, ಸ್ತನದ ಮೊಳಕೆ. ಅದನ್ನು ಗಡ್ಡೆಯೆಂದು ಭ್ರಮಿಸಿ ಕತ್ತರಿಸಿದರೆ ಆ ಕಡೆ ಸ್ತನವೇ ಬೆಳೆಯದೆ ಹೋಗಬಹುದು.