ಜೋಡುಕರೆಯ ನಾಡಿನಲ್ಲಿ

ಮೂಡಬಿದಿರೆಯ ಕಡಲಕೆರೆಯ ಬಳಿ ಒಂದರ ಮಗ್ಗುಲಿಗೊಂದು ನೇರವಾಗಿ ಚಾಚಿಕೊಂಡಿರುವ ಎರಡು ಕೆಸರಿನ ಪಥಗಳಿಗೆ, ಅಂದರೆ ಕೋಣಗಳ ಓಟವಾದ ಕಂಬಳದ ಕರೆಗಳಿಗೆ, ತುಳುನಾಡಿನ ಅವಳಿ ವೀರರಾದ ಕೋಟಿ–ಚೆನ್ನಯರ ಹೆಸರಿದೆ; ಬಂಟ್ವಾಳ ತಾಲ್ಲೂಕಿನ ಹೊಕ್ಕಾಡಿಗೋಳಿಯ ಕರೆಗಳು ವೀರ–ವಿಕ್ರಮ, ಬೆಳ್ತಂಗಡಿ ತಾಲ್ಲೂಕಿನ ವೇಣೂರಿನವು ಸೂರ್ಯ–ಚಂದ್ರ.

ಆದಿಯಲ್ಲಿ ಕಂಬಳಕ್ಕೆ ಪ್ರತ್ಯೇಕ ಪಥವೆಂಬುದೇ ಇರಲಿಲ್ಲ. ಮಳೆಗಾಲದ ಏಣಿಲು ಬೆಳೆಯ ಕೊಯ್ಲಾದ ಬಳಿಕ, ಊರಿನ ಹಿರಿಯ ಮನೆತನವಾದ ಗುತ್ತಿನ ಮನೆಯ ವಿಶಾಲವಾದ ಕಂಬಳಗದ್ದೆಯನ್ನು ಉತ್ತು ಹದಗೊಳಿಸಿ, ಆ ಕೆಸರಿನಲ್ಲಿಯೇ ಕೋಣಗಳನ್ನು ಓಡಿಸಿ, ಅನಂತರ ಅದೇ ಗದ್ದೆಯಲ್ಲಿ ಸುಗ್ಗಿಯ ನೇಜಿ ನೆಡುತ್ತಿದ್ದರಾದ್ದರಿಂದ, ಓಟವೂ ಉಳುಮೆಯೂ ಒಂದೇ ಕ್ರಿಯೆಯ ಎರಡು ಮುಖಗಳಾಗಿದ್ದುವು. ಸುಮಾರು 1970ರಲ್ಲಿ ಬಜಗೋಳಿಯ ಲವ–ಕುಶ ಕಂಬಳದೊಡನೆ ಜೋಡುಕರೆಯ ಪದ್ಧತಿ ಪ್ರಚಾರಕ್ಕೆ ಬಂದು, ಓಟ ಬೇಸಾಯದಿಂದ ಬೇರ್ಪಟ್ಟಿತು. ಕರೆಯೇನೋ ಶಾಶ್ವತವಾಯಿತು, ಆದರೆ ಅದರಲ್ಲಿ ಪೈರು ಬೆಳೆಯುವುದು ನಿಂತುಹೋದುದು ಸಣ್ಣ ನಷ್ಟವೆಂದು ನನಗೆ ತೋರುವುದಿಲ್ಲ.

ಓಟ ಆರಂಭವಾಗುವ ಗಂತಿನಲ್ಲಿ ಬಿಟ್ಟ ಕೋಣಗಳು ಕರೆಯ ಕೊನೆಯ ಮಂಜೊಟ್ಟಿಯನ್ನು ಏರುವ ಕ್ಷಣವನ್ನು ಇಂದು ಲೇಸರ್ ಕಿರಣ ಗುರುತಿಸುತ್ತದೆ. 2020ರ ಫೆಬ್ರವರಿಯಲ್ಲಿ ಮೂಡಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ದೇಶವೆಲ್ಲ ಅವರನ್ನು ಉಸೇನ್ ಬೋಲ್ಟನಿಗೆ ಹೋಲಿಸಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ ಶೆಟ್ಟರು ಅದನ್ನೂ ಮೀರಿದ ವೇಗದ ಓಟ ಓಡಿದರು. ಕೋಣಗಳ ಸೆಳೆತಕ್ಕೆ ಮೈಯೊಡ್ಡಿ, ಹಿಡಿತ ತಪ್ಪದೆ ನೀರಿನಲ್ಲಿ ಓಡುವ ವಿದ್ಯೆಯನ್ನು ಒಂಟಿಯಾಗಿ ಓಡುವವನ ವಿದ್ಯೆಯೊಡನೆ ತೂಗುವುದು ಇಬ್ಬರಿಗೂ ಅನ್ಯಾಯ. ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಆಹ್ವಾನ ಬಂದಾಗ ಗೌಡರು ಒಪ್ಪದಿದ್ದುದು ವಿವೇಕದ ನಡೆಯೇ ಸರಿ.

ಪ್ರಾಣಿಹಿಂಸೆಯ ಆಕ್ಷೇಪದಿಂದ 2016ರಲ್ಲಿ ಉಚ್ಚ ನ್ಯಾಯಾಲಯ ತಡೆದ ಕಂಬಳಕ್ಕೆ, ರಾಜ್ಯದ ಕಾನೂನು ತಿದ್ದುಪಡಿಯಿಂದ ಮತ್ತೆ ಅವಕಾಶ ದೊರೆಯಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕರೆ ತೋಡಿದರು.

ಕಂಬಳದ ವಿಭಾಗಗಳಲ್ಲಿ ಹಗ್ಗ, ನೇಗಿಲು, ಅಡ್ಡಹಲಗೆಗಳ ಓಟಗಳೆಲ್ಲ ವೇಗದ ಪರೀಕ್ಷೆಗಳಾದರೆ, ಕನೆಹಲಗೆಯ ರೀತಿಯೇ ಬೇರೆ. ಕೋಣಗಳ ಹಿಂದೆ ಕಟ್ಟಿದ ಮರದ ಹಲಗೆಯ ಮೇಲೆ ಓಟಗಾರನು ಕಾಲೂರಿ ನಿಂತಿರಲು, ಹಲಗೆಯ ರಂಧ್ರಗಳಿಂದ ಕೆಸರುನೀರು ಧಾರೆಯಾಗಿ ಚಿಮ್ಮಿ ಮೇಲೇರುತ್ತದೆ. ಕರೆಗೆ ಅಡ್ಡಲಾಗಿ ಆರೂವರೆ, ಏಳೂವರೆ ಕೋಲುಗಳೆತ್ತರದಲ್ಲಿ ಕಟ್ಟಿದ ನಿಶಾನೆಯ ಬಿಳಿಯ ಬಟ್ಟೆಯನ್ನು ಆ ನೀರು ತೋಯಿಸಬೇಕು. ಮಂಜೊಟ್ಟಿಯನ್ನು ಮೊದಲು ಮುಟ್ಟಿದವರಾರೆಂದು ಆಗ ಯಾರೂ ಕೇಳುವುದಿಲ್ಲ.