ಕತ್ತಲಿಗೆ ಕೊಡುವ ಕಾಸು

ನನ್ನ ಭಾವಮೈದ ಮೈಸೂರಿನ ಹೊರವಲಯದಲ್ಲಿ ಮನೆ ಕಟ್ಟಿಸಿದಾಗ ಹಾಲ್‌ನ ಒಂದು ಗೋಡೆಯನ್ನು ಖಾಲಿ ಬಿಡಿಸಿದ. ಅದು ಟೀವಿಯ ಗೋಡೆ. ಗೃಹಪ್ರವೇಶವಾಗಿ ನಾಲ್ಕು ತಿಂಗಳಾದರೂ ಅಲ್ಲಿ ಜೋತುಬಿದ್ದ ಒಂದು ವೈರು ಬಿಟ್ಟು ಬೇರೇನೂ ಇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು, ದಸರೆಯೂ ಅವತ್ತೇ ಶುರುವಾಯಿತು. ಇನ್ನು ಅವನನ್ನು ಹಿಡಿಯುವವರಿಲ್ಲ. "ಭಾವ, ನೀವು ಸೈನ್ಸ್ ಬರೀತೀರಲ್ಲ, ಬನ್ನಿ" ಎಂದು ನನ್ನನ್ನೂ ಷೋರೂಮಿಗೆ ಎಳೆದುಕೊಂಡು ಹೋದ.

ಅಲ್ಲಿ ಗೋಡೆ ತುಂಬ ಟೀವಿ. ಒಂದರಲ್ಲಿ ಗಿಳಿ ರೆಕ್ಕೆ ಬಿಚ್ಚುತ್ತಿತ್ತು, ಪಕ್ಕದ್ದರಲ್ಲಿ ಸ್ಟ್ರಾಬೆರಿ ನೀರಿಗೆ ಬೀಳುತ್ತಿತ್ತು, ಅದರಾಚೆ ಜೇನು ಸುರಿಯುತ್ತಿತ್ತು. ಎಲ್ಲವೂ ನಿಧಾನ, ಎಲ್ಲವೂ ಢಾಳು ಬಣ್ಣ. ಗಮನಿಸಿ ನೋಡಿದರೆ ಮನುಷ್ಯರ ಮುಖ ಎಲ್ಲೂ ಇಲ್ಲ, ರಾತ್ರಿಯ ದೃಶ್ಯವೂ ಇಲ್ಲ. ಇದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. ಮುಖದ ಬಣ್ಣ ಹೇಗಿರಬೇಕೆಂದು ಎಲ್ಲರಿಗೂ ಗೊತ್ತು, ಸ್ವಲ್ಪ ಎಡವಿದರೂ ಸಿಕ್ಕಿಬೀಳುತ್ತದೆ. ಅಮೆಜಾನ್ ಕಾಡಿನ ಗಿಳಿ ಎಷ್ಟು ಹಸಿರಾಗಿರಬೇಕು ಎಂದು ಮೈಸೂರಿನಲ್ಲಿ ಯಾರು ಕೇಳುತ್ತಾರೆ?

"ಇದರ ಕಲರ್ ನೋಡಿ ಭಾವ!" ಎಂದು ಅವನು ಗಿಳಿಯ ಮುಂದೆ ನಿಂತುಬಿಟ್ಟ.

"ಕಲರ್ ಬಿಡು. ಕಪ್ಪು ಹೇಗಿದೆ ನೋಡೋಣ" ಎಂದೆ. ಸೇಲ್ಸ್ ಹುಡುಗ ನನ್ನನ್ನು ಅನುಮಾನದಿಂದ ನೋಡಿದ.

ಬೆಳಕು ಚೆಲ್ಲುವುದು ಇವತ್ತಿನ ಯಾವ ಟೀವಿಗೂ ಕಷ್ಟವಿಲ್ಲ. ಕತ್ತಲನ್ನು ತೋರಿಸುವುದೇ ಕಷ್ಟ. ಅಗ್ಗದ ಟೀವಿಗೂ ಅದರ ಮೂರು ಪಟ್ಟು ಬೆಲೆಯ ಟೀವಿಗೂ ಇರುವ ವ್ಯತ್ಯಾಸದ ಬಹುಪಾಲು ಇಷ್ಟರಲ್ಲೇ ಇದೆ: ಕಪ್ಪು ಇರಬೇಕಾದ ಕಡೆ ನಿಜವಾಗಿ ಕಪ್ಪಿದೆಯೋ, ಬೂದಿಯಿದೆಯೋ. ಯಾಕೆ ಕಷ್ಟ ಅಂದರೆ, ಎಲ್‌ಇಡಿ ಎಂಬ ಹೆಸರಿನಲ್ಲಿ ಮಾರುವ ಟೀವಿಗಳೆಲ್ಲ ಒಳಗೆ ಎಲ್‌ಸಿಡಿಗಳೇ. ಎಲ್‌ಇಡಿ ಎನ್ನುವುದು ಹಿಂದಿನ ದೀಪದ ಹೆಸರಷ್ಟೆ. ಆ ದೀಪ ಸದಾ ಉರಿಯುತ್ತಿರುತ್ತದೆ, ಚಿತ್ರ ಬಿಡಿಸುವ ಕೆಲಸ ಮುಂದಿರುವ ಎಲ್‌ಸಿಡಿ ಹಾಳೆಯದು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಹಳೇ ಮನೆಯ ಮರದ ಕಿಟಕಿ ಮುಚ್ಚಿ ನೋಡಿ. ಎಷ್ಟೇ ಒತ್ತಿ ಮುಚ್ಚಿದರೂ ಸಂದಿಯಲ್ಲಿ ಬೆಳಕು ಒಳಗೆ ಬರುತ್ತದೆ. ಎಲ್‌ಸಿಡಿ ಟೀವಿಯ ಕಪ್ಪು ಅಂಥ ಮುಚ್ಚಿದ ಕಿಟಕಿ.

ಈ ಕಿಟಕಿ ಕೆಲಸ ಮಾಡುವ ಬಗೆ ಸೊಗಸಾಗಿದೆ. ಬೆಳಕಿನ ಅಲೆಯನ್ನು ಒಂದು ಕೋಲು ಅಂದುಕೊಳ್ಳಿ. ಉದ್ದ ಸರಳುಗಳ ಕಿಟಕಿಯಲ್ಲಿ ಕೋಲನ್ನು ನೆಟ್ಟಗೆ ಹಿಡಿದರೆ ತೂರುತ್ತದೆ, ಅಡ್ಡ ಹಿಡಿದರೆ ತೂರದು. ಟೀವಿಯಲ್ಲಿ ಇಂಥ ಎರಡು ಹಾಳೆಗಳಿವೆ, ಒಂದರ ಸರಳು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ. ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದರಲ್ಲಿ ಸಿಕ್ಕಿಕೊಳ್ಳಬೇಕು. ನಡುವೆ ತುಂಬಿರುವ ದ್ರವಸ್ಫಟಿಕದ ಅಣುಗಳು ಕೋಲನ್ನು ತಿರುಗಿಸಿಕೊಟ್ಟರೆ ದಾಟುತ್ತದೆ. ಎಷ್ಟು ತಿರುಗಿಸಬೇಕೆಂದು ಪ್ರತಿ ಪಿಕ್ಸೆಲ್ಲಿಗೂ ವಿದ್ಯುತ್ತು ಹೇಳುತ್ತದೆ. ಒಂದು 4ಕೆ ಪರದೆಯಲ್ಲಿ ಇಂಥ 83 ಲಕ್ಷ ಪಿಕ್ಸೆಲ್‌ಗಳಿವೆ. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿಗೆ ಪ್ರತ್ಯೇಕ ಕಿಟಕಿ. ಸುಮಾರು ಎರಡೂವರೆ ಕೋಟಿ ಕಿಟಕಿಗಳನ್ನು ಸೆಕೆಂಡಿಗೆ ಅರವತ್ತು ಸಲ ತೆರೆದು ಮುಚ್ಚುವ ಸಾಮಾನು ಇವತ್ತು ಮನೆಮನೆಯಲ್ಲೂ ಧೂಳು ತಿನ್ನುತ್ತಿದೆ.

ದ್ರವಸ್ಫಟಿಕವನ್ನು ಮೊದಲು ಕಂಡವನು ಗಿಡಮರಗಳ ವಿಜ್ಞಾನಿ. 1888ರಲ್ಲಿ ಪ್ರಾಗ್‌ನಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟ್ರಾಲಿನ ಒಂದು ಸಂಯುಕ್ತವನ್ನು ಕಾಯಿಸಿದ. ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ಮಬ್ಬು ಹೋಗಿ ತಿಳಿಯಾಯಿತು. ಒಂದೇ ವಸ್ತು ಎರಡು ಸಲ ಕರಗುವುದುಂಟೆ? ಆ ಎರಡು ಕರಗುವಿಕೆಗಳ ನಡುವಿನ ಸ್ಥಿತಿಯಲ್ಲಿ ಅಣುಗಳು ದ್ರವದಂತೆ ಹರಿಯುತ್ತ ಹರಳಿನಂತೆ ಸಾಲುಗಟ್ಟಿರುತ್ತವೆ. ಇಡೀ ಎಲ್‌ಸಿಡಿ ಉದ್ಯಮ ಆ ನಡುಸ್ಥಿತಿಯ ಮೇಲೆ ನಿಂತಿದೆ.

ಈ ಕತೆಯಲ್ಲಿ ಮೈಸೂರು, ಬೆಂಗಳೂರುಗಳ ಪಾತ್ರವೂ ಇದೆ. ಷೋರೂಮಿನಲ್ಲಿ ನಾನು ಅದನ್ನು ಹೇಳಲು ಹೋದಾಗ ಭಾವಮೈದ ವಾಚು ನೋಡಿಕೊಂಡ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವಸ್ಫಟಿಕಗಳ ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ದ್ರವಸ್ಫಟಿಕದ ಅಣು ಎಂದರೆ ಕಡ್ಡಿಯಂತೆ ಉದ್ದಗಿರುವುದು ಎಂದೇ ಲೆಕ್ಕ. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಸೇರಿ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು, ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ ಎಂದು ತೋರಿಸಿದರು. ಮುಂದೆ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ತಟ್ಟೆ ಅಣುಗಳ ತೆಳು ಪೊರೆ ಮಾಡಿ ಎಲ್‌ಸಿಡಿ ಪರದೆಗಳಿಗೆ ಅಂಟಿಸಿತು. ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿದ್ದ ಕಂಪ್ಯೂಟರ್ ಪರದೆಗಳ ಕಾಯಿಲೆಗೆ ಸಿಕ್ಕ ಮದ್ದುಗಳಲ್ಲಿ ಅದೂ ಒಂದು.

ಪಕ್ಕದಿಂದ ನೋಡುವ ವಿಷಯ ಬಂತಲ್ಲ, ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಎಲ್‌ಸಿಡಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಐಪಿಎಸ್ ಹಾಳೆಯಲ್ಲಿ ಬಿಳಿ ಕಪ್ಪಿಗಿಂತ ಸುಮಾರು ಸಾವಿರ ಪಟ್ಟು ಪ್ರಕಾಶಮಾನ. ವಿಎ ಹಾಳೆಯಲ್ಲಿ ಕಿಟಕಿ ಇನ್ನೂ ಭದ್ರ, ಮೂರರಿಂದ ಐದು ಸಾವಿರ ಪಟ್ಟು. ಆದರೆ ವಿಎ ಎದುರಿಗೆ ಕೂತವರಿಗೆ ಮಾತ್ರ ಚೆನ್ನ, ಓರೆಯಲ್ಲಿ ಕೂತವರಿಗೆ ಬಣ್ಣ ಬಿಳಿಚಿಕೊಳ್ಳುತ್ತದೆ. ಐಪಿಎಸ್ ಎಲ್ಲರಿಗೂ ಒಂದೇ ಥರ ಕಾಣುತ್ತದೆ, ಅಂದರೆ ಎಲ್ಲರಿಗೂ ಕಪ್ಪು ಸಮನಾಗಿ ಬೂದಿ. ಅಂಗಡಿಯವರು ಈ ಹೆಸರುಗಳನ್ನು ಹೇಳುವುದಿಲ್ಲ, ಡಬ್ಬದ ಮೇಲೆ ಬರೆದಿರುವುದೂ ಅಪರೂಪ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಟೀವಿಯೇ ಹೇಳುತ್ತದೆ.

ಷೋರೂಮಿನಲ್ಲಿ ಇದೆಲ್ಲ ಯಾಕೆ ಕಾಣುವುದಿಲ್ಲ? ಬಿಳಿ 400 ನಿಟ್ ಇರುವ ಐಪಿಎಸ್ ಪರದೆಯ ಕಪ್ಪಿನಲ್ಲಿ ಸೋರುವ ಬೆಳಕು 0.4 ನಿಟ್, ವಿಎಯಲ್ಲಿ 0.1ರ ಸುತ್ತಮುತ್ತ. ನಿಟ್ ಎಂದರೆ ಒಂದು ಚದರ ಮೀಟರ್ ಪರದೆಯಿಂದ ಒಂದು ಮೇಣದ ಬತ್ತಿಯಷ್ಟು ಬೆಳಕು ಬಂದ ಹಾಗೆ. ಷೋರೂಮಿನ ಸೀಲಿಂಗ್ ದೀಪಗಳ ಬೆಳಕು ಪರದೆಗೆ ಬಡಿದು ವಾಪಸಾಗುವುದೇ ಈ ಎರಡು ಸೋರಿಕೆಗಿಂತ ಹೆಚ್ಚು. ಹಾಗಾಗಿ ಅಲ್ಲಿ ಬಡವನ ಟೀವಿಯ ಕಪ್ಪೂ ಬಲ್ಲಿದನ ಟೀವಿಯ ಕಪ್ಪೂ ಒಂದೇ. ಯಾವುದು ಹೆಚ್ಚು ಬೆಳಗುತ್ತದೋ ಅದು ಗೆಲ್ಲುತ್ತದೆ. ಅದಕ್ಕೇ ಅಲ್ಲಿ ಎಲ್ಲ ಟೀವಿಗಳನ್ನೂ ವಿವಿಡ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ವ್ಯತ್ಯಾಸ ಕಾಣುವುದು ಮನೆಯಲ್ಲಿ, ರಾತ್ರಿ ಒಂಬತ್ತಕ್ಕೆ, ದೀಪ ಆರಿಸಿದ ಮೇಲೆ. ಆ ಹೊತ್ತಿಗೆ ಬಿಲ್ ಆಗಿರುತ್ತದೆ.

ಸೋರಿಕೆ ತಡೆಯಲು ತಯಾರಕರು ಹಿಡಿದ ಉಪಾಯ ಹಿಂದಿನ ದೀಪವನ್ನೇ ತುಂಡುತುಂಡಾಗಿ ಆರಿಸುವುದು. ಕಡಿಮೆ ಬೆಲೆಯ ಟೀವಿಗಳಲ್ಲಿ ದೀಪಗಳು ಅಂಚಿನಲ್ಲಿ ಮಾತ್ರ ಇರಬಹುದು, ಅಲ್ಲಿ ಈ ಆಟ ನಡೆಯುವುದು ಅಷ್ಟಕ್ಕಷ್ಟೆ. ಮಿನಿ ಎಲ್‌ಇಡಿ ಎನ್ನುವ ಟೀವಿಗಳಲ್ಲಿ ಪರದೆಯ ಹಿಂದೆಲ್ಲ ಪುಟ್ಟ ದೀಪಗಳ ಗದ್ದೆಯೇ ಇರುತ್ತದೆ. ಅದನ್ನು ನೂರಾರು, ಕೆಲವದರಲ್ಲಿ ಸಾವಿರಾರು ಮಡಿಗಳಾಗಿ ಮಾಡಿ, ಕತ್ತಲಿರುವ ಮಡಿಯ ದೀಪ ಆರಿಸುತ್ತಾರೆ. ಐನೂರು ಮಡಿ ಎಂದರೂ ಒಂದೊಂದರ ಮುಂದೆ ಹದಿನಾರು ಸಾವಿರಕ್ಕೂ ಹೆಚ್ಚು ಪಿಕ್ಸೆಲ್. ಕಪ್ಪು ಆಕಾಶದಲ್ಲಿ ಒಂದು ನಕ್ಷತ್ರ ಬಂತೆಂದರೆ ಅದಕ್ಕಾಗಿ ಇಡೀ ಮಡಿಗೆ ದೀಪ ಹಚ್ಚಬೇಕು. ನಕ್ಷತ್ರದ ಸುತ್ತ ಒಂದು ಮಸುಕು ಪ್ರಭಾವಳಿ ಮೂಡುತ್ತದೆ. ದೇವರ ಪಟದಲ್ಲಾದರೆ ಸರಿ.

ಕ್ಯೂಎಲ್‌ಇಡಿ ಎಂಬ ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದೂ ಹಿಂದೆ ದೀಪವಿರುವ ಎಲ್‌ಸಿಡಿಯೇ. ನೀಲಿ ದೀಪದ ಮುಂದೆ ಕ್ವಾಂಟಮ್ ಚುಕ್ಕೆಗಳ ಪದರವಿರುತ್ತದೆ. ಇವು ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಗಳು, ಸಣ್ಣವು ಹಸಿರು ಸೂಸುತ್ತವೆ, ಕೊಂಚ ದೊಡ್ಡವು ಕೆಂಪು. ಬಣ್ಣ ಬರೀ ಗಾತ್ರದಿಂದ ಬರುತ್ತದೆ ಎಂಬುದು ನನಗೆ ಈಗಲೂ ಬೆರಗು, 2023ರ ರಸಾಯನವಿಜ್ಞಾನದ ನೊಬೆಲ್ ಇದಕ್ಕೇ ಬಂತು. ಬಣ್ಣ ಶುದ್ಧವಾಗುವುದು ನಿಜ, ಆದರೆ ಕಪ್ಪಿಗೆ ಇದರಿಂದ ಏನೂ ಉಪಯೋಗವಿಲ್ಲ.

ಒಂದೇ ಅಕ್ಷರ ಬದಲಾದ ಒಎಲ್‌ಇಡಿ ಬೇರೆ ಕುಲ. ಇಲ್ಲಿ ಹಿಂದಿನ ದೀಪವೇ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ಹಣತೆ. ಕಪ್ಪು ಬೇಕೆಂದರೆ ಆರುತ್ತದೆ, ಅಷ್ಟೇ. ಹೆಸರಿನಲ್ಲಿರುವ ಆರ್ಗ್ಯಾನಿಕ್ ಶಬ್ದಕ್ಕೂ ಸಾವಯವ ಬೆಲ್ಲಕ್ಕೂ ಸಂಬಂಧವಿಲ್ಲ, ಇಂಗಾಲದ ಸಂಯುಕ್ತ ಎಂದಷ್ಟೇ ಅರ್ಥ. 1987ರಲ್ಲಿ ಇದರ ದಾರಿ ತೆರೆದವರು ಕೊಡಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್. ಫೋಟೊ ರೀಲು ಮಾರುತ್ತಿದ್ದ ಕಂಪನಿಯ ಒಳಗೇ ರೀಲಿಲ್ಲದ ಕಾಲದ ಪರದೆ ಹುಟ್ಟಿತ್ತು.

ಸೇಲ್ಸ್ ಹುಡುಗ ಒಎಲ್‌ಇಡಿಯ ಮುಂದೆ ನಿಲ್ಲಿಸಿದ. ಚೆನ್ನಾಗಿಯೇ ಇತ್ತು. ನಾನು ಭಾವಮೈದನನ್ನು ಕೇಳಿದೆ: "ನಿಮ್ಮನೇಲಿ ಟೀವಿ ಹೆಚ್ಚು ನೋಡೋರು ಯಾರು?"

"ಅಮ್ಮ. ಬೆಳಗ್ಗೆಯಿಂದ ನ್ಯೂಸು."

ಅಲ್ಲಿಗೆ ಒಎಲ್‌ಇಡಿ ಬಿತ್ತು. ಈ ಹಣತೆಗಳು ಉರಿದಷ್ಟೂ ಸವೆಯುತ್ತವೆ. ಚಿತ್ರ ಬದಲಾಗುತ್ತಿದ್ದರೆ ಎಲ್ಲವೂ ಸಮನಾಗಿ ಸವೆಯುತ್ತವೆ, ಗೊತ್ತಾಗುವುದಿಲ್ಲ. ನಮ್ಮ ನ್ಯೂಸ್ ಚಾನೆಲ್‌ಗಳಲ್ಲಿ ಮೂಲೆಯ ಲೋಗೊ, ಕೆಳಗಿನ ಕೆಂಪು ಪಟ್ಟಿ, ಅದರ ಕೆಳಗೆ ಇನ್ನೊಂದು ಪಟ್ಟಿ, ದಿನವಿಡೀ ಕದಲದೆ ಕೂತಿರುತ್ತವೆ. ಅಷ್ಟು ಜಾಗದ ಪಿಕ್ಸೆಲ್‌ಗಳು ಬೇಗ ಮುದಿಯಾಗಿ, ಸಿನಿಮಾ ಹಾಕಿದಾಗಲೂ ಪಟ್ಟಿಯ ದೆವ್ವ ಕಾಣಿಸಿಕೊಳ್ಳಬಹುದು. ಲೋಗೊವನ್ನು ಮಂಕು ಮಾಡುವ, ಚಿತ್ರವನ್ನು ಒಂದೆರಡು ಪಿಕ್ಸೆಲ್ ಸರಿಸುವ ಉಪಾಯಗಳನ್ನು ಈಗ ಹಾಕಿರುತ್ತಾರೆ. ಆದರೂ ದಿನಕ್ಕೆ ಎಂಟು ಗಂಟೆ ಬ್ರೇಕಿಂಗ್ ನ್ಯೂಸ್ ನೋಡುವ ಮನೆಗೆ ನಾನು ಅದನ್ನು ಹೇಳಲಾರೆ. ಅವನ ಹಾಲ್‌ಗೆ ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇರೆ, ಸಂಜೆಯ ಬಿಸಿಲಲ್ಲಿ ಎಂಥ ಅಪ್ಪಟ ಕಪ್ಪೂ ತೊಳೆದುಹೋಗುತ್ತದೆ. ಅಲ್ಲಿ ಬೇಕಾದದ್ದು ಹೆಚ್ಚು ನಿಟ್ ಚೆಲ್ಲುವ ಮಿನಿ ಎಲ್‌ಇಡಿ. ಒಎಲ್‌ಇಡಿ ಕಿಟಕಿಗೆ ಪರದೆ ಹಾಕಿಕೊಂಡು ಸಿನಿಮಾ ನೋಡುವವರಿಗೆ.

ಗಾತ್ರದ ವಿಷಯದಲ್ಲಿ ಅವನು 55 ಇಂಚು ಸಾಕು ಅಂದಿದ್ದ. 65 ಇಂಚು ಎಂದರೆ ಹತ್ತೇ ಇಂಚು ಹೆಚ್ಚು ಎನಿಸುತ್ತದೆ, ಆದರೆ ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. ಪರದೆಯ ವಿಸ್ತೀರ್ಣ ಶೇಕಡಾ 40ರಷ್ಟು ಹೆಚ್ಚಾಗುತ್ತದೆ. ಅವನ ಸೋಫಾಕ್ಕೂ ಗೋಡೆಗೂ ಒಂಬತ್ತು ಅಡಿ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು ಬೇರೆಯಾಗಿ ಗುರುತಿಸಬಲ್ಲದು, ಒಂಬತ್ತು ಅಡಿ ದೂರದಲ್ಲಿ ಅದು 0.8 ಮಿಲಿಮೀಟರ್. 65 ಇಂಚಿನ ಟೀವಿಯಲ್ಲಿ 4ಕೆ ಪಿಕ್ಸೆಲ್ಲಿನ ಅಗಲ 0.37 ಮಿಲಿಮೀಟರ್. ಅಂದರೆ ಆ ಸೋಫಾದಲ್ಲಿ ಕೂತವರ ಕಣ್ಣಿಗೆ 4ಕೆಯೇ ಜಾಸ್ತಿ. ಪಕ್ಕದಲ್ಲಿಟ್ಟಿದ್ದ 8ಕೆ ಟೀವಿಯ 3.3 ಕೋಟಿ ಪಿಕ್ಸೆಲ್‌ಗಳನ್ನು ಬಿಡಿಬಿಡಿಯಾಗಿ ನೋಡಬೇಕೆಂದರೆ ಎರಡು ಅಡಿ ದೂರದಲ್ಲಿ ಮೂಗಿಟ್ಟು ಕೂರಬೇಕು.

ನಿಜವಾದ ಸಮಸ್ಯೆ ತದ್ವಿರುದ್ಧ ದಿಕ್ಕಿನದು. ಅತ್ತೆಯವರು ನೋಡುವ ಸಾಧಾರಣ ಎಸ್‌ಡಿ ಚಾನೆಲ್ಲಿನ ಚಿತ್ರದಲ್ಲಿ ಇರುವುದೇ ಸುಮಾರು ನಾಲ್ಕು ಲಕ್ಷ ಪಿಕ್ಸೆಲ್. ಬಂದ ಒಂದೊಂದಕ್ಕೂ ಟೀವಿ ಹತ್ತೊಂಬತ್ತನ್ನು ಊಹಿಸಿ ತಾನೇ ಹುಟ್ಟಿಸಬೇಕು. ಈ ಊಹೆಯ ಕೆಲಸದಲ್ಲಿ ಪ್ರೊಸೆಸರ್ ಒಳ್ಳೆಯದಿದ್ದರೆ ಮುಖ ಮುಖದಂತಿರುತ್ತದೆ, ಇಲ್ಲದಿದ್ದರೆ ಗಂಜಿ ಮೆತ್ತಿದಂತೆ. ಹಾಗಾಗಿ ಗಿಳಿಯನ್ನು ತೆಗೆಸಿ ಮಾಮೂಲಿ ನ್ಯೂಸ್ ಚಾನೆಲ್ ಹಾಕಿಸಿದೆ. ಭಾವಮೈದ ಮೆಚ್ಚಿದ್ದ ಟೀವಿಯಲ್ಲಿ ವಾರ್ತೆ ಓದುವವರ ಕೆನ್ನೆಗೆ ಗಾರೆ ಮಾಡಿದಂತಿತ್ತು.

ಆಮೇಲೆ ಜೇಬಿನಿಂದ ಪೆನ್‌ಡ್ರೈವ್ ತೆಗೆದೆ. ಅದರಲ್ಲಿದ್ದದ್ದು ಸಿನಿಮಾ ಮುಗಿದ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಹೆಸರುಗಳು ಮೇಲೇರುವ ಎರಡು ನಿಮಿಷ, ಇಷ್ಟೆ. ಎದ್ದು ಹೋಗುವಾಗ ಯಾರೂ ನೋಡದ ಈ ತುಣುಕಿಗಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಅಕ್ಷರದ ಸುತ್ತ ಮಂಜು ಕವಿದರೆ ಮಡಿಗಳು ಸಾಲವು. ಮೂಲೆಗಳು ಬೆಳ್ಳಗಾದರೆ ಅಂಚಿನ ಸೋರಿಕೆ. ಮೇಲೇರುವ ಅಕ್ಷರ ಬಾಲ ಬಿಟ್ಟರೆ ಹಾಳೆ ಸೋಮಾರಿ. ಕೆಜಿಎಫ್ ಥರದ ಮಸಿ ಬಣ್ಣದ ಸಿನಿಮಾದಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂದು ಮುಂದೆ ಕಾಣುತ್ತದೋ ಇಲ್ಲವೋ, ಇಲ್ಲೇ ತಿಳಿಯುತ್ತದೆ.

ಅಕ್ಷರಗಳು ಒಂದು ಟೀವಿಯಲ್ಲಿ ಎಣ್ಣೆ ಸವರಿದಂತೆ ನುಣುಪಾಗಿ ಜಾರುತ್ತಿದ್ದವು. ಭಾವಮೈದನಿಗೆ ಖುಷಿ. ಅದು ಗುಣವಲ್ಲ, ಚಟ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟೀವಿ ನಡುನಡುವೆ ತನ್ನದೇ ಕಲ್ಪನೆಯ ಚಿತ್ರಗಳನ್ನು ತುರುಕಿದಾಗ ಕೋಟಿಗಟ್ಟಲೆ ಸುರಿದ ಸಿನಿಮಾ ಸಂಜೆಯ ಧಾರಾವಾಹಿಯಂತೆ ಕಾಣತೊಡಗುತ್ತದೆ. ಅಮೆರಿಕದಲ್ಲೂ ಇದನ್ನು ಧಾರಾವಾಹಿಯ ಹೆಸರಿನಿಂದಲೇ ಬೈಯುತ್ತಾರೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ತನ್ನ ಷೂಟಿಂಗ್ ಜಾಗದಿಂದಲೇ ವಿಡಿಯೊ ಮಾಡಿ, ದಯವಿಟ್ಟು ಇದನ್ನು ಆಫ್ ಮಾಡಿ ಎಂದು ಜನರನ್ನು ಕೇಳಿಕೊಂಡ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ಬೇಕಾದದ್ದು ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ, ಅಂದರೆ 120 ಹರ್ಟ್ಸ್‌ನ ಹಾಳೆ. 24 ಚಿತ್ರ 120ರಲ್ಲಿ ಐದೈದು ಸಲ ಸರಿಯಾಗಿ ಕೂರುತ್ತದೆ. 60ರಲ್ಲಿ ಕೂರದೆ ಒಂದು ಚಿತ್ರ ಎರಡು ಸಲ, ಇನ್ನೊಂದು ಮೂರು ಸಲ ಎಂದು ಕುಂಟುತ್ತದೆ.

ಹೆಚ್ಚು ಹೊಳಪಿನ ಚಿತ್ರಕ್ಕೆಂದು ಇರುವ ಎಚ್‌ಡಿಆರ್‌ನ ಚೀಟಿ ಎಲ್ಲ ಟೀವಿಗಳ ಮೇಲೂ ಇತ್ತು. ಆ ಸಿಗ್ನಲ್ಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅದರ ಅರ್ಥ. ಸಾವಿರ ನಿಟ್‌ಗೆ ತಯಾರಿಸಿದ ದೃಶ್ಯವನ್ನು ಮುನ್ನೂರು ನಿಟ್‌ನ ಟೀವಿಗೆ ಕೊಟ್ಟರೆ ಅದು ಏನು ಮಾಡೀತು? ಶಬ್ದದ ಬಗ್ಗೆ ಹೇಳುವುದು ಕಡಿಮೆ: ಬೆರಳು ದಪ್ಪದ ಪೆಟ್ಟಿಗೆಯಲ್ಲಿ ಗಾಳಿ ತಳ್ಳಲು ಜಾಗವಿಲ್ಲ, ಸೌಂಡ್‌ಬಾರಿಗೆ ದುಡ್ಡು ಎತ್ತಿಡಿ.

ಕೊನೆಗೆ 65 ಇಂಚಿನ ಮಿನಿ ಎಲ್‌ಇಡಿ ಬಂತು. ಕಂಪನಿಯ ಹುಡುಗರು ಗೋಡೆಗೆ ಕೂರಿಸಿ ಹೋದ ಮೇಲೆ ನಾನು ವಿವಿಡ್ ತೆಗೆದು ಸಿನಿಮಾ ಮೋಡ್‌ಗೆ ಹಾಕಿದೆ. ಅತ್ತೆ, "ಇದೇನು, ಹಳದಿ ಹೊಡೀತಿದೆ" ಅಂದರು. ಎರಡು ದಿನ ನೋಡಿ ಅಂದೆ. ರಾತ್ರಿ ಊಟವಾಗಿ, ದೀಪ ಆರಿಸಿ ಎಲ್ಲರೂ ಸಿನಿಮಾ ನೋಡಿದೆವು. ಕೊನೆಯಲ್ಲಿ ಹೆಸರುಗಳು ಏರತೊಡಗಿದವು. ಅಕ್ಷರಗಳ ಸುತ್ತ, ಬಹಳ ತೆಳುವಾಗಿ, ಹಾಲು ಚೆಲ್ಲಿ ಒರೆಸಿದಂಥ ಒಂದು ಕಲೆ. ನಾನು ಮುಂದಕ್ಕೆ ಬಾಗಿದೆ.

ಹೆಂಡತಿ ಕಿವಿಯ ಹತ್ತಿರ ಬಂದು, "ಏನು ಕಾಣ್ತೋ ನಂಗೊತ್ತಿಲ್ಲ ರೀ. ಅವನಿಗೆ ಮಾತ್ರ ತೋರಿಸ್ಬೇಡಿ" ಅಂದಳು.