ವಾಣಿಜ್ಯ ನೌಕೆಯಲ್ಲಿ ವೃತ್ತಿ: ಒಳನಾಡಿನ ಯುವಜನರಿಗೆ ಮಾರ್ಗದರ್ಶನ

ಭಾರತದ ವಿದೇಶ ವ್ಯಾಪಾರದ ಸರಕಿನಲ್ಲಿ ಪರಿಮಾಣದ ಲೆಕ್ಕಕ್ಕೆ ಸುಮಾರು ಶೇಕಡ 95ರಷ್ಟು ಸಮುದ್ರಮಾರ್ಗವಾಗಿಯೇ ಸಾಗುತ್ತದೆ. ಕಚ್ಚಾ ತೈಲ, ಕಲ್ಲಿದ್ದಲು, ಧಾನ್ಯ, ಯಂತ್ರೋಪಕರಣ ಮುಂತಾದವನ್ನು ಹೊತ್ತು ಸಾಗುವ ಹಡಗುಗಳೇ ವಾಣಿಜ್ಯ ನೌಕೆಗಳು. ದೇಶದ ರಕ್ಷಣೆಗಾಗಿ ಇರುವ ನೌಕಾಪಡೆಯೇ ಬೇರೆ, ಈ ವೃತ್ತಿಯೇ ಬೇರೆ ಎಂಬುದನ್ನು ಮೊದಲಿಗೆ ತಿಳಿಯಬೇಕು.

ಹೈದರಾಬಾದ್ ನಗರವು ಸಮುದ್ರದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ಆದರೂ ಈ ನೆಲಕ್ಕೆ ಕಡಲು ಅಪರಿಚಿತವಲ್ಲ. ಕುತುಬ್ ಶಾಹಿ ಅರಸರ ಕಾಲದಲ್ಲಿ ಗೋಲ್ಕೊಂಡ ರಾಜ್ಯದ ಬಟ್ಟೆಗಳು ಮಚಲೀಪಟ್ಟಣದ ಬಂದರಿನಿಂದ ಪರ್ಷಿಯದವರೆಗೂ ಹೋಗುತ್ತಿದ್ದವು. ನಗರದಲ್ಲಿ ಇಂದು ಅನೇಕ ಕನ್ನಡ ಕುಟುಂಬಗಳು ನೆಲೆಸಿವೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳ ಮೂಲದವರೂ ಅವರಲ್ಲಿದ್ದಾರೆ. ಇಂತಹ ಮನೆಗಳ ಮಕ್ಕಳು ಹಡಗಿನ ವೃತ್ತಿಯನ್ನು ಬಯಸಿದಾಗ ಎದುರಾಗುವ ತೊಡಕು ದೂರವಲ್ಲ, ಮಾಹಿತಿಯ ಕೊರತೆ. ಕರಾವಳಿಯಲ್ಲಿ ಹಡಗಿನಲ್ಲಿ ದುಡಿದ ಹಿರಿಯರು ಹೇಳಿಕೊಡುವ ಸಂಗತಿ ಒಳನಾಡಿನಲ್ಲಿ ದಲ್ಲಾಳಿಯ ಬಾಯಿಂದ ಬರುವ ಅಪಾಯವಿದೆ.

ಪ್ರವೇಶದ ದಾರಿಗಳು

ಹಡಗಿನಲ್ಲಿ ಡೆಕ್ ಮತ್ತು ಎಂಜಿನ್ ಎಂಬ ಎರಡು ಮುಖ್ಯ ವಿಭಾಗಗಳಿವೆ. ಹಡಗನ್ನು ನಡೆಸುವುದು, ಸರಕನ್ನು ನೋಡಿಕೊಳ್ಳುವುದು ಡೆಕ್ ವಿಭಾಗದ ಹೊಣೆ. ಯಂತ್ರಗಳ ನಿರ್ವಹಣೆ ಎಂಜಿನ್ ವಿಭಾಗದ್ದು. ಅಧಿಕಾರಿಯಾಗಬಯಸುವವರು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿರಬೇಕು. ಅನಂತರ ಭಾರತೀಯ ಕಡಲಯಾನ ವಿಶ್ವವಿದ್ಯಾಲಯದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 2008ರಲ್ಲಿ ಸ್ಥಾಪಿತವಾದ ಈ ಕೇಂದ್ರೀಯ ವಿಶ್ವವಿದ್ಯಾಲಯದ ಪ್ರಧಾನ ಕಚೇರಿ ಚೆನ್ನೈಯಲ್ಲಿದೆ. ವಿಶಾಖಪಟ್ಟಣದ ಆವರಣ ಹೈದರಾಬಾದಿಗೆ ಹತ್ತಿರವಾದರೂ ಅದು ಮುಖ್ಯವಾಗಿ ಹಡಗು ವಿನ್ಯಾಸ ಮತ್ತು ನಿರ್ಮಾಣ ಶಿಕ್ಷಣಕ್ಕೆ ಮೀಸಲಾದುದು.

ಡೆಕ್ ವಿಭಾಗಕ್ಕೆ ಒಂದು ವರ್ಷದ ನಾಟಿಕಲ್ ಸೈನ್ಸ್ ಡಿಪ್ಲೊಮಾ ಅಥವಾ ಮೂರು ವರ್ಷಗಳ ಬಿ.ಎಸ್‌ಸಿ. ಪದವಿ ಇದೆ. ಎಂಜಿನ್ ವಿಭಾಗಕ್ಕೆ ನಾಲ್ಕು ವರ್ಷಗಳ ಮರೀನ್ ಎಂಜಿನಿಯರಿಂಗ್ ಪದವಿ ಉಂಟು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರರು ಒಂದು ವರ್ಷದ ತರಬೇತಿ ಪಡೆದೂ ಸೇರಬಹುದು. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಆರು ತಿಂಗಳ ಜನರಲ್ ಪರ್ಪಸ್ ರೇಟಿಂಗ್ ತರಬೇತಿಯ ಮೂಲಕ ನಾವಿಕರಾಗುವ ಅವಕಾಶವಿದೆ. ದೃಷ್ಟಿ ಪರೀಕ್ಷೆ ಕಟ್ಟುನಿಟ್ಟಾದುದು. ಹಡಗಿನ ಕೆಂಪು, ಹಸಿರು ದೀಪಗಳನ್ನು ಗುರುತಿಸಬೇಕಾದ್ದರಿಂದ ಬಣ್ಣಗುರುಡು ಇರುವವರಿಗೆ ಡೆಕ್ ವಿಭಾಗದಲ್ಲಿ ಪ್ರವೇಶವಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲೇ ಮಾನ್ಯತೆ ಪಡೆದ ವೈದ್ಯರಿಂದ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

ಬಡ್ತಿಯ ಮೆಟ್ಟಿಲುಗಳು

ತರಗತಿಯ ಶಿಕ್ಷಣ ಮುಗಿದೊಡನೆ ಯಾರೂ ಅಧಿಕಾರಿಯಾಗುವುದಿಲ್ಲ. ಡಿಪ್ಲೊಮಾ ಪಡೆದ ಕೆಡೆಟ್ 18 ತಿಂಗಳು ಹಡಗಿನಲ್ಲಿ ತರಬೇತಿ ಪಡೆದ ಮೇಲೆ ಸೆಕೆಂಡ್ ಮೇಟ್ ಅರ್ಹತಾ ಪರೀಕ್ಷೆಗೆ ಕೂಡಬಹುದು. ಅದರಲ್ಲಿ ತೇರ್ಗಡೆಯಾದವರು ಥರ್ಡ್ ಆಫೀಸರ್ ಆಗಿ ಕೆಲಸ ಆರಂಭಿಸುತ್ತಾರೆ. ಮುಂದೆ ಫಸ್ಟ್ ಮೇಟ್, ಕೊನೆಗೆ ಮಾಸ್ಟರ್ ಪರೀಕ್ಷೆ. ಮಾಸ್ಟರ್ ಪ್ರಮಾಣಪತ್ರ ಪಡೆದವರೇ ಕ್ಯಾಪ್ಟನ್ ಆಗಲು ಅರ್ಹರು. ಎಂಜಿನ್ ವಿಭಾಗದಲ್ಲಿ ಕ್ಲಾಸ್ 4, ಕ್ಲಾಸ್ 2, ಕ್ಲಾಸ್ 1 ಪರೀಕ್ಷೆಗಳನ್ನು ದಾಟಿ ಚೀಫ್ ಎಂಜಿನಿಯರ್ ಹುದ್ದೆಗೆ ಏರಬೇಕು. ಪ್ರತಿ ಮೆಟ್ಟಿಲಿನಲ್ಲಿಯೂ ನಿಗದಿತ ಸಮುದ್ರಸೇವೆ ಕಡ್ಡಾಯ. ಹೀಗಾಗಿ ಮೊದಲ ಹಡಗು ದೊರೆಯದ ಕೆಡೆಟ್‌ನ ಪ್ರಗತಿ ಅಲ್ಲಿಗೇ ನಿಲ್ಲುತ್ತದೆ. ಸಂಸ್ಥೆಗೆ ಸೇರುವ ಮುನ್ನವೇ ಹಡಗು ಕಂಪನಿಯ ಪ್ರಾಯೋಜನೆ ಇದೆಯೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ಹಣ ಕೊಡುವ ಮುನ್ನ

ತರಬೇತಿ ಸಂಸ್ಥೆಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇರಬೇಕು. ನಾವಿಕರನ್ನು ನೇಮಿಸುವ ಸಂಸ್ಥೆಗೆ ಅದರ ಪರವಾನಗಿ ಇರಬೇಕು. ಎರಡರ ಪಟ್ಟಿಯನ್ನೂ ನಿರ್ದೇಶನಾಲಯ ಪ್ರಕಟಿಸುತ್ತದೆ. ಉದ್ಯೋಗ ಕೊಡಿಸಲು ನಾವಿಕನಿಂದ ಹಣ ಪಡೆಯುವುದನ್ನು 2006ರ ಕಡಲ ಕಾರ್ಮಿಕರ ಒಡಂಬಡಿಕೆ ನಿಷೇಧಿಸಿದೆ. ಭಾರತ ಅದನ್ನು 2015ರಲ್ಲಿ ಅನುಮೋದಿಸಿತು. ಪಾಸ್‌ಪೋರ್ಟ್, ನಾವಿಕರ ಸೇವಾ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರಗಳ ವೆಚ್ಚವನ್ನು ಮಾತ್ರ ನಾವಿಕ ಭರಿಸಬಹುದು. ಆದುದರಿಂದ ಹಡಗು ಹತ್ತಿಸಲು ಲಕ್ಷಗಟ್ಟಲೆ ಕೇಳುವವನು ಎಷ್ಟೇ ನಂಬಿಕೆಯ ಮಾತನಾಡಿದರೂ ಅವನಿಗೆ ಹಣ ಕೊಡಬಾರದು. ಪ್ರವಾಸಿ ವೀಸಾದ ಮೇಲೆ ಹೊರದೇಶದ ಬಂದರಿಗೆ ಕಳುಹಿಸುವ ಪ್ರಸ್ತಾಪವನ್ನು ಒಪ್ಪಬಾರದು. ಹಡಗಿನ ಹೆಸರು, ವೇತನ, ಕರಾರಿನ ಅವಧಿಗಳನ್ನು ಒಪ್ಪಂದ ಪತ್ರದಲ್ಲಿ ಓದಿಯೇ ಸಹಿ ಮಾಡಬೇಕು.

ಹಡಗಿನ ಬದುಕು

ವೇತನ ಉತ್ತಮವಾದರೂ ತಿಂಗಳುಗಟ್ಟಲೆ ಮನೆಯಿಂದ ದೂರವಿರಬೇಕು. ಹಬ್ಬ, ಮದುವೆಗಳು ತಪ್ಪುತ್ತವೆ. ಹಗಲು ರಾತ್ರಿ ಪಾಳಿಯ ಕೆಲಸವಿರುತ್ತದೆ. ದಿನವೊಂದಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ನೀಡಬೇಕೆಂದು ಒಡಂಬಡಿಕೆ ವಿಧಿಸಿದೆ. ಕರಾರು ಮುಗಿದಾಗ ಊರಿಗೆ ಮರಳಿಸುವ ವೆಚ್ಚ ಹಡಗಿನ ಮಾಲೀಕರದ್ದು. ಈ ಕಷ್ಟಗಳನ್ನೂ ಹಕ್ಕುಗಳನ್ನೂ ಒಟ್ಟಿಗೆ ಅರಿತು, ತಂದೆತಾಯಿಯರೊಡನೆ ಚರ್ಚಿಸಿ ನಿರ್ಧರಿಸುವ ಯುವಕ ಯುವತಿಯರಿಗೆ ಈ ವೃತ್ತಿ ದೀರ್ಘಕಾಲದ ಜೀವನೋಪಾಯವಾಗಬಲ್ಲದು.